ಪಾರ್ಜೊನೊ ಪಾರ್ಜೊನೊ ಬರೆದ ಏಳು ಪತ್ರ

ಸುಮಾತ್ರಾ ದ್ವೀಪದ ನಮ್ಮ ಬಾತಾಕ್ ಜನ ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತದೆ. ಈ ಜಾವಾದವರೋ, ಮನೆಗೆ ಬೆಂಕಿ ಬಿದ್ದರೂ ‘ಇವತ್ತು ಸ್ವಲ್ಪ ಸೆಕೆ ಅಲ್ವಾ’ ಅನ್ನುವವರು. ಹತ್ತೊಂಬತ್ತು ವರ್ಷದಿಂದ ನಾನು, ಟುಂಪಾಲ್ ಸಿಹಾಲೊಹೊ, ಯೋಗ್ಯಕರ್ತಾದಲ್ಲಿ ಇವರ ನಡುವೆಯೇ ಬಾಳುತ್ತಿದ್ದೇನೆ. ಮದುವೆಯಾದದ್ದೂ ಇಲ್ಲಿಯವಳನ್ನೇ. ನನ್ನ ಹೆಂಡತಿ ಇವತ್ತಿನವರೆಗೆ ಒಂದು ಸಲವೂ ‘ಬೇಡ’ ಅಂದವಳಲ್ಲ, ಆದರೆ ಮನೆಯಲ್ಲಿ ನನ್ನ ಮಾತು ಒಂದು ದಿನವೂ ನಡೆದಿಲ್ಲ. ಕೇಳಿದ್ದಕ್ಕೆ ಸುಮ್ಮನಿದ್ದರೆ ‘ಆಗುವುದಿಲ್ಲ’ ಅಂತ ಅರ್ಥ. ಮೌನವೇ ಸಮ್ಮತಿ ಅಂದುಕೊಂಡವನು ಜಾವಾದಲ್ಲಿ ಕೆಟ್ಟ.

ಇದು ಇನ್ನೂ ಎಲ್ಲರ ಕೈಗೆ ಫೋನ್ ಬಂದಿರದ ಕಾಲದ ಮಾತು. ವಿಶ್ವವಿದ್ಯಾಲಯದ ಇಮೇಲ್ ಸರ್ವರ್ ನನ್ನ ಸುಪರ್ದಿಯಲ್ಲಿತ್ತು. ಕಸದ ಪತ್ರಗಳು ಜನರ ಪೆಟ್ಟಿಗೆಗೆ ಬೀಳುವ ಮೊದಲೇ ಬಾಗಿಲಲ್ಲಿ ಹಿಡಿದು ಆಚೆ ಹಾಕುವ ನಿಯಮಗಳನ್ನು ಬರೆಯುವುದು ನನ್ನ ಕೆಲಸ. ಎಲ್ಲರಿಗೂ ಅನ್ವಯಿಸುವ ನಿಯಮ ಕೆಲವು. ಉಳಿದದ್ದು ಅವರವರ ಇಷ್ಟದಂತೆ. ‘ತುರ್ತು’ ಅಂತ ಬರೆದು ಬಂದ ಪತ್ರಗಳನ್ನೆಲ್ಲ ಶುಕ್ರವಾರ ಸಂಜೆಯವರೆಗೆ ಕಣ್ಣಿಗೆ ಬೀಳದಂತೆ ಇಡು ಅಂತ ಕೇಳಿಕೊಂಡ ಪ್ರೊಫೆಸರರೂ ಇದ್ದರು. ಪುಣ್ಯಾತ್ಮರು, ನೂರು ವರ್ಷ ಬಾಳಲಿ.

ಆ ವರ್ಷ ಒಂದು ಹೊಸ ಪೀಡೆ ಶುರುವಾಯಿತು. ‘ಡಯಾನಾ ಡಯಾನಾ’, ‘ಲಾಟರಿ ಲಾಟರಿ’ ಹೀಗೆ ಒಂದೇ ಹೆಸರನ್ನು ಎರಡು ಸಲ ಹಾಕಿಕೊಂಡು ದಿನಕ್ಕೆ ಸಾವಿರಾರು ಕಸ. ನಾನೊಂದು ನಿಯಮ ಬರೆದೆ: ಕಳಿಸಿದವರ ಮೊದಲ ಹೆಸರೂ ಕೊನೆಯ ಹೆಸರೂ ಒಂದೇ ಆಗಿದ್ದರೆ ಪತ್ರವನ್ನು ಒಳಗೆ ಬಿಡಬೇಡ, ‘ನಿಮ್ಮ ಪತ್ರ ಸ್ವೀಕರಿಸುವುದಿಲ್ಲ’ ಎಂದು ವಾಪಸ್ ಕಳಿಸು. ಬರೆದು ಪಕ್ಕದ ಮೇಜಿನ ಪಾಕ್ ವಾರ್ಸಿತೊಗೆ ತೋರಿಸಿದೆ. ಇಲ್ಲಿ ಹಿರಿಯ ಗಂಡಸರನ್ನು ‘ಪಾಕ್’, ಹೆಂಗಸರನ್ನು ‘ಬು’ ಅನ್ನುವುದು ಪದ್ಧತಿ. ವಾರ್ಸಿತೊ ನನಗಿಂತ ಹತ್ತು ವರ್ಷ ದೊಡ್ಡವರು, ಮೆತ್ತನೆಯ ಮನುಷ್ಯ. ಬಹಳ ಹೊತ್ತು ಪರದೆ ನೋಡಿದರು.

“ಚೆನ್ನಾಗಿದೆ ಬಾಂಗ್,” ಅಂದರು. ನಮ್ಮ ಕಡೆಯ ಅಣ್ಣಂದಿರನ್ನು ಹಾಗೆ ಕರೆಯುತ್ತಾರೆ. ದೊಡ್ಡವರಾದ ಅವರೂ ಮರ್ಯಾದೆಗೆ ಹಾಗೇ ಕರೆಯುತ್ತಿದ್ದರು. “ಆದ್ರೆ... ಮುಖಕ್ಕೆ ಹೊಡೆದ ಹಾಗೆ ಬರಬೇಡ ಅನ್ನೋದು ಯಾಕೆ? ಸುಮ್ಮನೆ ಬಿಸಾಕಿದ್ರೆ ಆಯ್ತಲ್ಲ. ಅವರಿಗೂ ಬೇಜಾರಾಗಲ್ಲ.”

“ಲಾಟರಿ ಕಳ್ಳನಿಗೆ ಬೇಜಾರಾಗತ್ತಾ ಪಾಕ್?”

“ಅವನೂ ಒಬ್ಬ ತಾಯಿಗೆ ಹುಟ್ಟಿದ ಮಗ ಅಲ್ವಾ.”

ನಕ್ಕು ಸುಮ್ಮನೆ ಬಿಸಾಕುವಂತೆ ಬದಲಾಯಿಸಿದೆ. ಕಳಿಸಿದವನಿಗೂ ಗೊತ್ತಾಗುವುದಿಲ್ಲ, ಪಡೆಯಬೇಕಾದವರಿಗೂ ಗೊತ್ತಾಗುವುದಿಲ್ಲ. ಅಂತೂ ನಾನೂ ಜಾವಾದವನಾದೆ ಅಂತ ಒಳಗೊಳಗೇ ಹೆಮ್ಮೆಪಟ್ಟೆ. ಕಸ ನಿಂತಿತು. ಮೂರು ತಿಂಗಳು ಯಾರೂ ಚಕಾರವೆತ್ತಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಬು ಮುರ್ತಿನಿ ನನ್ನ ಕೋಣೆಗೆ ಬಂದರು. ಸಿಬ್ಬಂದಿ ವಿಭಾಗದವರು, ನಲವತ್ತೊಂದರ ಹೆಣ್ಣುಮಗಳು, ಮದುವೆಯಾಗಿಲ್ಲ. ಅವರ ಸೀಲು ಬೀಳದೆ ಈ ವಿಶ್ವವಿದ್ಯಾಲಯದಲ್ಲಿ ಒಬ್ಬನಿಗೂ ರಜೆ ಸಿಗುವುದಿಲ್ಲ. ಅವರು ಪಟ್ಟಾಗಿ ಕೂತು ಕೆಲಸ ಮಾಡದ ದಿನ ಅಂದರೆ ಸೋಮವಾರ ಮಾತ್ರ. ಸೋಮವಾರ ಜಪಾನಿನ ಸಪ್ಪೊರೊದಿಂದ ಮಣ್ಣು ವಿಜ್ಞಾನದ ಪಾರ್ಜೊನೊ ಅವರ ಪತ್ರ ಬರುತ್ತಿತ್ತು. ಎರಡು ವರ್ಷದ ರಜೆಯ ಮೇಲೆ ಹೋದವರು. ಇಬ್ಬರ ನಡುವೆ ಏನಿದೆ ಅಂತ ಅವರಿಬ್ಬರೂ ಬಾಯಿ ಬಿಟ್ಟಿರಲಿಲ್ಲ, ಆದರೆ ಕ್ಯಾಂಟೀನಿನಲ್ಲಿ ಸೋಯಾ ಟೆಂಪೆ ಕರಿಯುವವಳಿಗೂ ಗೊತ್ತಿತ್ತು.

“ಬಾಂಗ್, ತೊಂದರೆ ಇಲ್ಲ ಅಂದ್ರೆ... ಒಬ್ಬರ ಪತ್ರ ಇನ್ಮೇಲೆ ನನಗೆ ಬರದ ಹಾಗೆ ಮಾಡೋಕಾಗತ್ತಾ?”

“ಆಗತ್ತೆ. ಯಾರದು?”

“ಒಬ್ಬರದು.”

“ಬು, ಸರ್ವರಿಗೆ ‘ಒಬ್ಬರು’ ಅಂದ್ರೆ ಅರ್ಥ ಆಗಲ್ಲ. ಅಡ್ಡಗೋಡೆ ಮೇಲೆ ದೀಪ ಇಡಬೇಡಿ, ಹೆಸರು ಹೇಳಿ.”

ಕೈಯಲ್ಲಿದ್ದ ಕಡತವನ್ನು ನನ್ನ ಮೇಜಿನ ಮೇಲಿಟ್ಟರು. ಜಪಾನಿನ ಅಂಚೆಚೀಟಿ ಹಚ್ಚಿದ ಲಕೋಟೆ, ಒಳಗೆ ಪಾರ್ಜೊನೊ ಅವರ ರಾಜೀನಾಮೆ. ಸಪ್ಪೊರೊದಲ್ಲೇ ಕೆಲಸ ಸಿಕ್ಕಿದೆ, ಇನ್ನು ವಾಪಸ್ ಬರುವುದಿಲ್ಲ. ಮಧ್ಯಾಹ್ನದೊಳಗೆ ಅದರ ಮೇಲೆ ಬು ಮುರ್ತಿನಿಯವರ ಸೀಲು ಬಿದ್ದು ಡೀನ್ ಕಚೇರಿಗೆ ಹೋಗಬೇಕು.

“ಮೂರು ತಿಂಗಳ ಹಿಂದೆ, ಮುಂದಿನ ವಾರ ನಿಮ್ಮನ್ನ ಒಂದು ಮಾತು ಕೇಳೋದಿದೆ ಅಂತ ಬರೆದಿದ್ರು,” ಅಂದರು, ಕಿಟಕಿ ನೋಡುತ್ತ. “ಆಮೇಲೆ ಬರೆಯಲೇ ಇಲ್ಲ. ಕೇಳೋ ಮನಸ್ಸು ಹೋಯ್ತೇನೋ.”

“ನೀವೇ ಬರೆದು ಏನು ವಿಷಯ ಅಂತ ಕೇಳಬಾರದಿತ್ತಾ?”

ನನ್ನನ್ನು ನೋಡಿದ ನೋಟವೇ ಸಾಕಾಗಿತ್ತು. ಉಟ್ಟ ಬಟ್ಟೆ ಬಿಟ್ಟು ಬೀದಿಗೆ ಬಾ ಅಂದಂತಾಗಿತ್ತು ಅವರಿಗೆ. “ಬೇಡ ಬಿಡಿ ಬಾಂಗ್. ಇನ್ನು ಅವರು ಏನಾದ್ರೂ ಬರೆದ್ರೂ ನಾನು ಓದಬಾರದು. ಓದಿದ್ರೆ ಸೀಲು ಹಾಕೋಕೆ ಕೈ ಬರಲ್ಲ.”

“ಆಯ್ತು. ಅವರ ಹೆಸರು ಪತ್ರದಲ್ಲಿ ಹ್ಯಾಗೆ ಬರತ್ತೆ? ಬರೀ ಪಾರ್ಜೊನೊ?”

“ಅವರಿಗಿರೋದೇ ಒಂದು ಹೆಸರಲ್ವಾ, ನನ್ನ ಹಾಗೆ. ಜಪಾನಿನ ಕಂಪ್ಯೂಟರಿಗೆ ಮನೆತನದ ಹೆಸರೂ ಬೇಕಂತೆ. ಖಾಲಿ ಬಿಟ್ರೆ ಒಪ್ಪಲ್ಲವಂತೆ. ಅದಕ್ಕೆ ಎರಡು ಸಲ ಬರೆದಿದ್ದಾರೆ. ಪಾರ್ಜೊನೊ ಪಾರ್ಜೊನೊ ಅಂತ ಬರತ್ತೆ.”

ಅಯ್ಯೋ ನನ್ನ ಕರ್ಮವೇ! ಹುಟ್ಟಿದಾಗಿನಿಂದ ಸಿಹಾಲೊಹೊ ಅಂತ ಬಾಲ ಕಟ್ಟಿಕೊಂಡು ತಿರುಗಿದ ನನಗೆ, ಒಂದೇ ಹೆಸರಿನಲ್ಲಿ ಬಾಳಿ ಸಾಯುವ ಲಕ್ಷಾಂತರ ಜನರ ನಡುವೆ ಕೂತಿದ್ದೇನೆ ಅನ್ನುವುದು ನೆನಪಿಗೇ ಬರಲಿಲ್ಲ. ಅಷ್ಟು ವರ್ಷ ಇವರ ಅನ್ನ ತಿಂದು ಇದೊಂದು ಗೊತ್ತಾಗಲಿಲ್ಲ.

ಸರ್ವರಿನ ದಿನಚರಿ ತೆರೆದು ಹುಡುಕಿದೆ. ಏಳು ಸಾಲು ಬಂದವು. ಪಾರ್ಜೊನೊ ಪಾರ್ಜೊನೊ, ಮುರ್ತಿನಿಗೆ, ಬಿಸಾಡಲಾಗಿದೆ. ಏಳೂ ಸೋಮವಾರ.

“ಬು,” ಅಂದೆ, “ಅವರು ಬರೆದಿದ್ದಾರೆ. ನಾನು ಬಿಸಾಕಿದೀನಿ.”

ಅವರು ಕುರ್ಚಿಯ ಹಿಡಿ ಹಿಡಿದುಕೊಂಡರು. ಎಲ್ಲವನ್ನೂ ಹೇಳಿದೆ, ನಿಯಮ ಬರೆದದ್ದು, ಹೆಮ್ಮೆಪಟ್ಟದ್ದು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

“ಏನು ಬರೆದಿದ್ರು?”

“ಪತ್ರ ಉಳಿದಿಲ್ಲ ಬು. ಯಾವತ್ತು ಬಂತು, ಎಷ್ಟು ದೊಡ್ಡದಿತ್ತು, ಅಷ್ಟೇ ಉಳಿದಿರೋದು.”

“ಎಷ್ಟು ದೊಡ್ಡದಿತ್ತು?”

ಮೊದಲನೆಯದು ನಾಲ್ಕು ಹಾಳೆಯಷ್ಟಿತ್ತು. ಎರಡನೆಯದು ಎರಡು ಹಾಳೆ. ಮೂರನೆಯದು ಒಂದು. ಆಮೇಲೆ ಅರ್ಧ, ಕಾಲು, ನಾಲ್ಕು ಸಾಲು. ಏಳನೆಯದರಲ್ಲಿ ಒಂದು ಸಾಲಿಗಿಂತ ಹೆಚ್ಚು ಇರಲು ಸಾಧ್ಯವೇ ಇರಲಿಲ್ಲ. ಒಂದೊಂದನ್ನೇ ಓದಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದೊಡ್ಡ ಗಂಟಲೂ ಸಣ್ಣದಾಯಿತು.

“ಪಾಪ,” ಅಂದರು ಬು ಮುರ್ತಿನಿ. “ನಾನು ಸುಮ್ಮನಿದ್ದು ಉತ್ತರ ಕೊಟ್ಟೆ ಅಂದ್ಕೊಂಡಿದ್ದಾರೆ.”

ಪಾಕ್ ವಾರ್ಸಿತೊ ತಮ್ಮ ಮೇಜಿನಿಂದ ಕೆಮ್ಮಿದರು. “ನನಗೆ ಅವತ್ತೇ ಅನ್ನಿಸಿತ್ತು ಬಾಂಗ್. ನನ್ನ ತಮ್ಮನೂ ಮಲೇಷ್ಯಾದಲ್ಲಿ ಹಾಗೇ ಎರಡು ಸಲ ಬರೀತಾನೆ.”

“ಮತ್ತೆ ಬಾಯಲ್ಲೇನು ಕಡುಬು ಇಟ್ಕೊಂಡಿದ್ರಾ?”

“ನೀವು ಅಷ್ಟು ಖುಷಿಯಲ್ಲಿದ್ರಿ. ಹ್ಯಾಗೆ ಹೇಳೋದು?”

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮೊದಲು ಆ ದರಿದ್ರ ನಿಯಮವನ್ನು ಅಳಿಸಿದೆ. ಆಮೇಲೆ ಬು ಮುರ್ತಿನಿಯವರನ್ನು ಎಬ್ಬಿಸಿ, ಕಡತವನ್ನೂ ಎತ್ತಿಕೊಂಡು, ಗೇಟಿನ ಎದುರಿನ ಫೋನ್ ಅಂಗಡಿಗೆ ಹೊರಡಿಸಿದೆ. ಪತ್ರ ಬರೆಯುತ್ತೇನೆ ಅಂದರು. “ಪತ್ರದ ಸಹವಾಸ ಸಾಕು, ಇವತ್ತು ಬಾಯಲ್ಲೇ ಮಾತಾಡಿ,” ಅಂದೆ. ಲಕೋಟೆಯ ಮೇಲೆ ಅವರ ಪ್ರಯೋಗಶಾಲೆಯ ನಂಬರಿತ್ತು.

ಅಂಗಡಿಯಲ್ಲಿ ಜನವೋ ಜನ. ಗಾಜಿನ ಗೂಡಿನೊಳಗೆ ಬು ಮುರ್ತಿನಿ, ಬಾಗಿಲು ಸರಿಯಾಗಿ ಮುಚ್ಚದೆ ಅರ್ಧ ತೆರೆದಿತ್ತು, ಹೊರಗೆ ನಾನು. ಆ ಕಡೆ ಫೋನ್ ಎತ್ತಿದ್ದು ಅವರ ಮುಖದಲ್ಲೇ ಗೊತ್ತಾಯಿತು.

“ನಮಸ್ಕಾರ. ನಾನು... ಚೆನ್ನಾಗಿದೀನಿ. ಅಲ್ಲಿ ಚಳಿನಾ? ಓ, ಹಿಮ ಬೀಳ್ತಿದೆಯಾ. ಊಟ ಆಯ್ತಾ?”

ನಿಮಿಷಗಳು ಓಡುತ್ತಿದ್ದವು. ಹಿಮದ ಮಾತು, ಊಟದ ಮಾತು, ಅವರ ತಾಯಿಯ ಮಂಡಿನೋವಿನ ಮಾತು. ನನ್ನ ಬಾತಾಕ್ ರಕ್ತ ಕುದಿಯಿತು. “ಕೇಳ್ರೀ!” ಅಂತ ಗಾಜು ಬಡಿದೆ. ಸಾಲಿನಲ್ಲಿದ್ದ ಮುದುಕಿಯೊಬ್ಬಳು, “ಏನಪ್ಪಾ, ಹೆಂಡ್ತಿ ತವರಿಗೆ ಮಾಡ್ತಿದಾಳಾ?” ಅಂದಳು.

ಬು ಮುರ್ತಿನಿ ಬೆನ್ನು ತಿರುಗಿಸಿದರು. ಆಮೇಲೆ ಅವರ ದನಿ ಏರಿತು. ಜೊತೆಗೆ ಕೆಲಸ ಮಾಡಿದ ಹನ್ನೆರಡು ವರ್ಷದಲ್ಲಿ ನಾನು ಕೇಳಿರದ ದನಿ.

“ಇಲ್ಲ, ಆ ಪತ್ರಗಳು ನನಗೆ ಬರಲೇ ಇಲ್ಲ. ಒಂದೂ ಬರಲಿಲ್ಲ. ನಾನು ಬೇಡ ಅಂದಿಲ್ಲ ಪಾರ್ಜೊನೊ ಅವರೇ. ಯಾವತ್ತೂ ಅಂದಿಲ್ಲ. ಈಗ ಕೇಳಿ.”

ಮುದುಕಿ ನನ್ನ ತೋಳು ಹಿಡಿದುಕೊಂಡಳು. ಆ ಕಡೆಯವರು ಆ ಒಂದು ಮಾತು ಕೇಳಿದರು ಅಂತ ಕಾಣುತ್ತದೆ.

“ಹೂಂ,” ಅಂದರು ಬು ಮುರ್ತಿನಿ, ಬೀದಿಗೆ ಕೇಳುವಷ್ಟು ಜೋರಾಗಿ. “ಹೂಂ. ಬನ್ನಿ.”

ಹೊರಗೆ ಬಂದಾಗ ಕಣ್ಣು ತುಂಬಿತ್ತು, ಮುಖ ಅರಳಿತ್ತು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಕಡತವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಂದೆ ನಡೆದರು.

ಮಧ್ಯಾಹ್ನ ಡೀನ್ ಕಚೇರಿಯಿಂದ ಜಪಾನಿನ ರಾಜೀನಾಮೆ ಎಲ್ಲಿ ಅಂತ ಕೇಳಿ ಕಳಿಸಿದರಂತೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಕಾಗದ ಕಳೆದಿರದ ಬು ಮುರ್ತಿನಿ ಕತ್ತೆತ್ತದೆ, ಅಂಥದ್ದು ಯಾವುದೂ ಬಂದೇ ಇಲ್ಲ ಅಂದರಂತೆ.