ಹುಚ್ಚಯ್ಯನ ಹೆಸರು ಹೊತ್ತ ಚೊಂಬು

ನಾನು ಒಂದು ಹಿತ್ತಾಳೆಯ ಚೊಂಬು. ನಾಗಮಂಗಲದ ಕಂಚುಗಾರರ ಕೇರಿಯಲ್ಲಿ ಹುಟ್ಟಿದೆ. ಹುಟ್ಟುವಾಗಲೇ ನನ್ನ ಬಾಯಿ ಒಂದು ಕಡೆಗೆ ಸ್ವಲ್ಪ ಓರೆ. ಕಂಚುಗಾರ ಎರಡೇಟು ಕೊಟ್ಟು ನೋಡಿದ, ಸರಿಹೋಗಲಿಲ್ಲ, ಹಾಗೇ ಬಿಟ್ಟ. ಆದರೂ ಹುಣಸೆಹಣ್ಣಿನಲ್ಲಿ ಉಜ್ಜಿ ಬಿಸಿಲಿಗಿಟ್ಟಾಗ ನನ್ನಷ್ಟು ಚೆಲುವಾದ ಚೊಂಬು ಇಡೀ ಕೇರಿಯಲ್ಲಿಲ್ಲ ಎಂದು ನನಗೆ ಅನ್ನಿಸಿತ್ತು. ನನಗೆ ಜಂಬ ಕೊಂಚ ಜಾಸ್ತಿಯೇ. ಇಷ್ಟೆಲ್ಲ ಆದ ಮೇಲೂ ಪೂರ್ತಿ ಹೋಗಿಲ್ಲ.

ನನ್ನನ್ನು ಕೊಂಡವನು ಹೊಸಕೆರೆಯ ಹುಚ್ಚಯ್ಯ. ಅವನ ಅಕ್ಕನ ಮಗಳು ಲಕ್ಕಮ್ಮನಿಗೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಸಾಕಿ ಬೆಳೆಸಿ ಮದುವೆಗೆ ತಂದವನು ಅವನೇ. ನಮ್ಮ ಕಡೆ ಮದುವೆಗೆ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರನ್ನೇ ಹಾಕಿಸುತ್ತಾರೆ, ಯಾರು ಕೊಟ್ಟದ್ದೆಂದು ಮೊಮ್ಮಕ್ಕಳ ಕಾಲಕ್ಕೂ ತಿಳಿದಿರಲಿ ಎಂದು. ಅಂಗಡಿಯವನು ಉಳಿ ಹಿಡಿದು ಚುಕ್ಕಿ ಚುಕ್ಕಿಯಾಗಿ ನನ್ನ ಹೊಟ್ಟೆಯ ಮೇಲೆ 'ಹೊಸಕೆರೆ ಹುಚ್ಚಯ್ಯ' ಎಂದು ಕೊರೆದ. ಆ ಹೆಸರೇ ಮುಂದೆ ಇಷ್ಟು ದುಃಖಕ್ಕೆ ಕಾರಣವಾಗುತ್ತದೆಂದು ಹುಚ್ಚಯ್ಯನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮದುಮಗ ಬೋರಯ್ಯ ಬಿದರಕುಪ್ಪೆಯವನು, ಮೈಸೂರು ಮಹಾರಾಜರ ಪಡೆಯಲ್ಲಿ ಸಿಪಾಯಿ. ಅವನಿಗೆ ಇಪ್ಪತ್ತು, ಲಕ್ಕಮ್ಮನಿಗೆ ಹದಿನಾರು. ಅವನ ರಜೆಗಳನ್ನೆಲ್ಲ ಕೂಡಿಸಿದರೂ ಗಂಡ ಹೆಂಡತಿ ಒಟ್ಟಿಗಿದ್ದದ್ದು ಮೂರು ತಿಂಗಳು. ಅಷ್ಟರಲ್ಲಿ ಕಡಲಾಚೆ ಹೋಗಬೇಕೆಂದು ಹುಕುಂ ಬಂತು. ಲಕ್ಕಮ್ಮ ಆಗ ಬಸುರಿ. ಹೊರಡುವ ದಿನ ಅವಳು ನನ್ನನ್ನು ತೊಳೆದು ಅವನ ಚೀಲದಲ್ಲಿಟ್ಟು, ಬಾಗಿಲ ಮರೆಯಲ್ಲಿ ನಿಂತು, "ಚೊಂಬ ಎಲ್ಲೂ ಬುಟ್ಬುಟ್ಟು ಬರಬ್ಯಾಡಿ, ಮಾವ ಕೊಟ್ಟಿರದು" ಎಂದಳು. ಬೇಗ ಬನ್ನಿ ಎಂದು ಗಂಡನಿಗೆ ಹೇಳಲು ಅವಳಿಗೆ ನಾಚಿಕೆ. ಅದಕ್ಕೇ ನನ್ನ ನೆಪ ಹೇಳಿದಳು.

ಹೀಗೆ ನಾನು ಸಿಂಗಪುರ ನೋಡಿದೆ. ನೋಡಿದೆ ಎನ್ನುವುದೂ ತಪ್ಪೇ, ಹೊಗೆ ನೋಡಿದೆ. ಹೆಣ್ಣುಮಗು ಹುಟ್ಟಿದೆ, ದೇವೀರಮ್ಮ ಎಂದು ಹೆಸರಿಟ್ಟಿದ್ದೇವೆ ಎಂಬ ಕಾಗದ ಅಲ್ಲಿ ಬೋರಯ್ಯನ ಕೈ ಸೇರಿತು. ಕೆಲವೇ ತಿಂಗಳಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ ಬಿಳಿ ಬಾವುಟ ಹಿಡಿದರು. ಸಿಪಾಯಿಗಳು ಸಾಲುಸಾಲಾಗಿ ಬಂದೂಕು ಕೆಳಗಿಟ್ಟರು. ಜಪಾನಿನವರು ಇವರನ್ನು ಹಡಗಿನ ಹೊಟ್ಟೆಯಲ್ಲಿ ತುಂಬಿ ಒಂದು ದ್ವೀಪಕ್ಕೆ ಸಾಗಿಸಿದರು. ಕಾಡು ಕಡಿದು ವಿಮಾನ ಇಳಿಯುವ ಬಯಲು ಮಾಡುವುದು ಅಲ್ಲಿಯ ಕೆಲಸ. ಹೊಳೆಯುವ ಲೋಹ ಕಂಡರೆ ಕಿತ್ತುಕೊಳ್ಳುತ್ತಿದ್ದರೆಂದು ಬೋರಯ್ಯ ನನಗೆ ಮಸಿ ಬಳಿದ. ಜಂಬದ ಚೊಂಬು ನಾನು ಮೂರು ವರ್ಷ ಕರ್ರಗೆ ಕೂತೆ. ನನ್ನಲ್ಲಿ ಗೆಣಸು ಬೆಂದಿತು, ಎಂಥದೋ ಸೊಪ್ಪು ಬೆಂದಿತು, ಬಹಳ ದಿನ ಬರೀ ನೀರು ಕಾದಿತು.

ಕೊನೆಯ ನಾಲ್ಕು ತಿಂಗಳು ಅವನನ್ನು ಬೇರೆ ಗುಂಪಿಗೆ ಹಾಕಿದರು. ಅದರಲ್ಲಿ ಕನ್ನಡ ಬಲ್ಲವನು ಅರಸೀಕೆರೆಯ ಘೌಸ್ ಷರೀಫ್ ಒಬ್ಬನೇ. ಬೋರಯ್ಯನಿಗೆ ಆಮಶಂಕೆ ಹಿಡಿದಾಗ ಹೊತ್ತು ತಿರುಗಿದವನು ಅವನೇ. ಒಂದು ಮಧ್ಯಾಹ್ನ ಘೌಸ್ ನನ್ನಿಂದ ಅವನ ಬಾಯಿಗೆ ನೀರು ಬಿಟ್ಟ. ನೀರು ಒಳಗೆ ಹೋಗಲಿಲ್ಲ, ಕೆನ್ನೆಯ ಮೇಲೆ ಹರಿಯಿತು. ಇಪ್ಪತ್ನಾಲ್ಕು ವರ್ಷದ ಹುಡುಗ, ಎತ್ತಿದರೆ ಮಗುವಿನಷ್ಟೂ ಭಾರವಿರಲಿಲ್ಲ. ತೆಂಗಿನ ಮರಗಳ ಕೆಳಗೆ ಮಣ್ಣು ಮಾಡಿದರು. ಲೋಹಕ್ಕೆ ದುಃಖವಾಗುವುದಿಲ್ಲ ಎನ್ನುವವರು ಆ ದಿನ ನನ್ನ ಪಕ್ಕದಲ್ಲಿ ಇರಬೇಕಿತ್ತು.

ಯುದ್ಧ ಮುಗಿದು ಊರಿಗೆ ಬಂದ ಘೌಸ್ ನನ್ನನ್ನು ಹಿಡಿದು ಹೊರಟ. ಬೋರಯ್ಯನ ಊರು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ನನ್ನ ಮೇಲೆ ಊರೂ ಇತ್ತು, ಹೆಸರೂ ಇತ್ತು. ಮನೆಯ ಯಜಮಾನನ ಹೆಸರೇ ಇರಬೇಕೆಂದುಕೊಂಡು ನೇರ ಹೊಸಕೆರೆಗೆ ಬಂದ.

ಗೌರಿ ಹಬ್ಬಕ್ಕೆ ಇನ್ನು ಮೂರು ದಿನ. ಹುಚ್ಚಯ್ಯ ಲಕ್ಕಮ್ಮನಿಗೆ ಕಳಿಸಲು ಬಾಗಿನ ಜೋಡಿಸುತ್ತಿದ್ದ. ಮೊರದಲ್ಲಿ ಹಸಿರು ಬಳೆ, ಅರಿಸಿನ, ಕುಂಕುಮ, ಕನ್ನಡಿ, ರವಿಕೆ ಬಟ್ಟೆ. ಗಂಡನಿರುವ ಹೆಣ್ಣಿಗೆ ಮಾತ್ರ ತವರು ಕಳಿಸುವ ಬಾಗಿನ ಅದು. ಮನೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಎದುರಿಗೆ ಕೂತು ಘೌಸ್ ಎಲ್ಲ ಹೇಳಿದ. ಹುಚ್ಚಯ್ಯ ನನ್ನನ್ನು ಎದೆಗೊತ್ತಿಕೊಂಡು ಅತ್ತ. ಅತ್ತು ಮುಗಿದ ಮೇಲೆ ಮೊರದ ಕಡೆ ನೋಡಿದ. ಬಹಳ ಹೊತ್ತು ನೋಡಿದ.

"ಹಬ್ಬ ಒಂದು ಕಳೀಲಿ. ನಾನೇ ಮಗೀಗೆ ಯೋಳ್ತೀನಿ" ಎಂದ. ಇದು ಬೋರಯ್ಯನ ಮನೆಯಲ್ಲ ಎಂದು ಮಾತ್ರ ಹೇಳಲಿಲ್ಲ. ಘೌಸ್ ಕಾರ್ಡೊಂದರಲ್ಲಿ ತನ್ನ ವಿಳಾಸ ಬರೆದುಕೊಟ್ಟು, ಬೇಕಾದರೆ ಕಾಗದ ಹಾಕಿ ಎಂದು ಹೇಳಿ ಹೋದ. ಹುಚ್ಚಯ್ಯ ಕಾರ್ಡನ್ನು ನನ್ನೊಳಗಿಟ್ಟ, ನನ್ನನ್ನು ಗೋಣಿಚೀಲದೊಳಗಿಟ್ಟ, ಚೀಲವನ್ನು ಅಟ್ಟಕ್ಕೇರಿಸಿದ. ಬಾಗಿನ ಬಿದರಕುಪ್ಪೆಗೆ ಹೋಯಿತು.

ಹಬ್ಬ ಕಳೆಯಿತು. ಅವನು ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿಯ ಬಳೆ ಒಡೆಸಲು ಅವನಿಗೆ ಮನಸ್ಸು ಬರಲಿಲ್ಲ. ಮುಂದಿನ ವರ್ಷ ಹೇಳಬಹುದಿತ್ತು, ಆದರೆ ಒಂದು ವರ್ಷ ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ? ಹಾಗಾಗಿ ಮತ್ತೆ ಬಾಗಿನ ಹೋಯಿತು. ಸರ್ಕಾರದಿಂದಲೂ ಒಂದು ಕಾಗದ ಬಂದಿತ್ತಂತೆ, ಸತ್ತಿರಬಹುದು ಎಂದು. 'ಬಹುದು' ಎಂಬ ಮಾತಿಗೆ ಯಾರು ತಾಳಿ ತೆಗೆಯುತ್ತಾರೆ? ಲಕ್ಕಮ್ಮನಿಗೆ ಇನ್ನೊಂದು ಗಂಡು ನೋಡೋಣ, ಅವರ ಜನದಲ್ಲಿ ಕೂಡಿಕೆ ಮದುವೆ ಉಂಟು ಎಂದು ಯಾರೋ ಎತ್ತಿದಾಗ, ಗಂಡ ಬದುಕಿರುವಾಗ ಇದೆಂಥ ಮಾತು ಎಂದು ಅವಳೇ ಬೈದು ಕಳಿಸಿದಳಂತೆ. ಇದನ್ನೆಲ್ಲ ಕೆಳಗೆ ಮಾತಾಡುತ್ತಿದ್ದರು, ನಾನು ಅಟ್ಟದ ಮೇಲೆ ಕೇಳುತ್ತಿದ್ದೆ. ಹುಚ್ಚಯ್ಯ ಕೆಟ್ಟವನಲ್ಲ. ಪ್ರೀತಿಯಿಂದಲೇ ಅವಳ ಬದುಕನ್ನು ನನ್ನ ಜೊತೆ ಚೀಲದಲ್ಲಿ ಕಟ್ಟಿಟ್ಟ.

ದೇವೀರಮ್ಮ ಬೆಳೆದು ಶಾಲೆಯ ಟೀಚರ್ ಆದಳು. ಅಪ್ಪ ಏನಾದ ಎಂದು ಹುಡುಕುವ ಹಠ ಅವಳಿಗೆ. ಸೈನ್ಯದ ಕಚೇರಿಗಳಿಗೆ ಕಾಗದ ಬರೆದಳು. ಮೈಸೂರಿನಲ್ಲಿ ಮುದುಕ ಸಿಪಾಯಿಗಳನ್ನು ಮನೆಮನೆಗೆ ಹೋಗಿ ಕಂಡಳು. ಸಿಂಗಪುರದವರೆಗೆ ಎಲ್ಲರಿಗೂ ಗೊತ್ತಿತ್ತು, ಆಮೇಲೆ ಯಾರಿಗೂ ಗೊತ್ತಿರಲಿಲ್ಲ. ಸತ್ತ ದಿನವಾದರೂ ತಿಳಿದರೆ ಎಡೆ ಇಡಬಹುದು, ಅವ್ವ ಬಾಗಿಲು ನೋಡುವುದು ನಿಲ್ಲುತ್ತದೆ ಎಂಬುದು ಅವಳ ಆಸೆ. ರಜೆ ಬಂದಾಗಲೆಲ್ಲ ಹೊಸಕೆರೆಗೆ ಬಂದು, ನನ್ನ ಕೆಳಗೇ ಚಾಪೆಯ ಮೇಲೆ ಕೂತು, "ತಾತ, ನಮ್ಮಪ್ಪನ ಜೊತೆ ಇದ್ದೋರು ಯಾರಾದ್ರೂ ಈ ಕಡೆ ಬಂದಿದ್ರಾ?" ಎಂದು ಕೇಳುತ್ತಿದ್ದಳು.

ಹುಚ್ಚಯ್ಯ ಕೆಮ್ಮುತ್ತಿದ್ದ. "ಯಾರ್ ಬತ್ತಾರವ್ವ ಇಲ್ಲಿಗೆ" ಎನ್ನುತ್ತಿದ್ದ.

ನಾನು ಎಷ್ಟು ಸಲ ಉರುಳಿ ಬೀಳಲು ನೋಡಿದೆನೋ! ಗೋಣಿಚೀಲದ ಬಾಯಿಗೆ ಗಂಟು ಬಿಗಿಯಾಗಿತ್ತು.

ನಲವತ್ತು ಬಾಗಿನ ಕಳಿಸಿದ ಮೇಲೆ, ಒಂದು ಶ್ರಾವಣದಲ್ಲಿ ಹುಚ್ಚಯ್ಯ ತೀರಿಕೊಂಡ. ಹನ್ನೊಂದನೆಯ ದಿನದ ಅಡುಗೆಗೆ ಪಾತ್ರೆ ಸಾಲದೆ ಮನೆಯ ಸೊಸೆ ಅಟ್ಟದ ಚೀಲ ಇಳಿಸಿದಳು. ಬೆಳ್ಳಗೆ ತೊಳೆದು, ನೀರು ತುಂಬಿ, ಅತ್ತು ಸುಸ್ತಾಗಿದ್ದ ಲಕ್ಕಮ್ಮನ ಕೈಗೆ ನನ್ನನ್ನು ಕೊಟ್ಟಳು. ಲಕ್ಕಮ್ಮ ನನ್ನನ್ನು ತುಟಿಯ ಹತ್ತಿರ ತಂದವಳು ಓರೆಬಾಯಿಯ ಮೇಲೆ ಹೆಬ್ಬೆರಳು ಆಡಿಸಿದಳು. ನೀರು ಕುಡಿಯಲಿಲ್ಲ.

"ಇದು ಅವ್ರು ತಕ್ಕೊಂಡೋದ ಚೊಂಬು. ಇಲ್ಲೆಂಗೆ ಬಂತು?" ಎಂದಳು.

ಯಾರಿಗೂ ಗೊತ್ತಿರಲಿಲ್ಲ. ತೊಳೆಯುವಾಗ ಒಳಗಿಂದ ಬಿದ್ದ ಹಳೆಯ ಕಾರ್ಡನ್ನು ಸೊಸೆ ತಂದುಕೊಟ್ಟಳು. ದೇವೀರಮ್ಮ ಮರುದಿನವೇ ನನ್ನನ್ನು ಚೀಲದಲ್ಲಿಟ್ಟುಕೊಂಡು ಅರಸೀಕೆರೆಗೆ ಹೊರಟಳು.

ಘೌಸ್ ಬದುಕಿದ್ದ. ಕಣ್ಣು ಮಂಜಾಗಿತ್ತು. ನನ್ನನ್ನು ಕೈಗಿಟ್ಟ ಕೂಡಲೇ, "ಬೋರಯ್ಯನ ಚೊಂಬು" ಎಂದ. ಸತ್ತದ್ದು ಬಕ್ರೀದ್ ಆಗಿ ಮೂರನೆಯ ದಿನ, ತೆಂಗಿನ ಮರದ ಕೆಳಗೆ, ತಾನೇ ಮಣ್ಣು ಮಾಡಿದ್ದು ಎಂದೆಲ್ಲ ಹೇಳಿದ. ಆಮೇಲೆ ಅನುಮಾನದಿಂದ ಕೇಳಿದ: "ಇದೆಲ್ಲ ನಾನು ಆವಾಗ್ಲೇ ನಿಮ್ಮ ಮನೆಗೆ ಬಂದು ಹೇಳಿದ್ನಲ್ಲಮ್ಮ? ಯಜಮಾನ್ರು ಎಷ್ಟು ಅತ್ತುಬಿಟ್ರು. ನಿಮಗೆ ಹೇಳಲಿಲ್ವಾ?"

ದೇವೀರಮ್ಮ, "ಹೇಳಿದ್ರು, ಹೇಳಿದ್ರು" ಎಂದಳು. ಎಂಬತ್ತರ ಹತ್ತಿರದ ಆ ಮುದುಕನಿಗೆ ಬೇರೇನು ಹೇಳುವುದು?

ಅವ್ವನಿಗೆ ಮಾತ್ರ ಒಂದೂ ಮುಚ್ಚಿಡಲಿಲ್ಲ. ಲಕ್ಕಮ್ಮ ಗೋಡೆಗೊರಗಿ ಕೇಳಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ.

"ಮಾವಂಗೆ ಹನ್ನೊಂದು ದಿನ ಅತ್ತಿವ್ನಿ. ಆ ಅಳೂವ ಈಗ ವಾಪಸ್ ತಕ್ಕೊಳಕಾಯ್ತದಾ?" ಎಂದಳು. ಆಮೇಲೆ, "ಇಪ್ಪತ್ನಾಕು ಅಂದ್ಯಲ್ಲ. ನಿನ್ ಮಗನ ವಯಸ್ಸು. ನಾನು ಗಂಡಂಗೆ ಅಳ್ಳಾ, ಮೊಮ್ಮಗಂಗೆ ಅಳ್ಳಾ? ಮೊಕಾನೂ ಗ್ಯಾಪ್ಕ ಇಲ್ವಲ್ಲವ್ವ" ಎಂದಳು.

ಕೈಯ ಬಳೆಗಳನ್ನು ಯಾರೂ ಒಡೆಯಲಿಲ್ಲ. ಅವಳೇ ಒಂದೊಂದಾಗಿ ಕಳಚಿ ನನ್ನೊಳಗೆ ಹಾಕಿದಳು.

ಈಗ ನಾನು ದೇವೀರಮ್ಮನ ಮನೆಯ ಗೂಡಿನಲ್ಲಿದ್ದೇನೆ. ವಯಸ್ಸಾಯಿತು, ತಳ ಸವೆದಿದೆ. ನಾನು ಅಟ್ಟದಲ್ಲಿ ಕಳೆದ ನಲವತ್ತು ವರ್ಷವನ್ನು ಯಾರ ಮೇಲೆ ಹೊರಿಸಲಿ? ಹುಚ್ಚಯ್ಯನನ್ನು ಬೈಯಲು ಹೋಗುತ್ತೇನೆ, ನನ್ನನ್ನು ಎದೆಗೊತ್ತಿಕೊಂಡು ಅತ್ತದ್ದು ನೆನಪಾಗುತ್ತದೆ.

ನಾನು ಅಟ್ಟದಿಂದ ಇಳಿದ ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಬೋರಯ್ಯನಿಗೆ ಮೊದಲ ಎಡೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಡೆಗೆ ಮಾಡಬೇಕು. "ಅಪ್ಪನಿಗೆ ಏನಿಷ್ಟ ಇತ್ತವ್ವ?" ಎಂದು ದೇವೀರಮ್ಮ ಕೇಳಿದಳು.

ಲಕ್ಕಮ್ಮ ಯೋಚಿಸಿದಳು. "ಗೊತ್ತಿಲ್ಲ ಕಣವ್ವ. ಕೇಳಕ್ಕೇ ನಾಚ್ಕೆ ಆಯ್ತಿತ್ತು, ಕೇಳ್ನೇ ಇಲ್ಲ" ಎಂದಳು. ಆಗ ಅತ್ತಳು. ಒಲೆಯ ಮುಂದೆ ಕುಸಿದು ಕೂತು, ನಲವತ್ತು ವರ್ಷದ್ದನ್ನೂ ಸೇರಿಸಿ ಅತ್ತಳು.

ನನಗೆ ಗೊತ್ತಿತ್ತು. ಸೆರೆಯಲ್ಲಿ ಹಸಿದವರೆಲ್ಲ ಮಾತಿನಲ್ಲೇ ಊಟ ಮಾಡುತ್ತಿದ್ದರು. ಬೋರಯ್ಯ ಪ್ರತಿ ಸಲ ಕೇಳುತ್ತಿದ್ದದ್ದು ಒಂದನ್ನೇ: ಮದುವೆಯಾದ ಹೊಸದರಲ್ಲಿ ಲಕ್ಕಮ್ಮ ಮಾಡಿದ ಅವರೆಕಾಳು ಸಾರು. ಅವಳು ಗಾಬರಿಯಲ್ಲಿ ಎರಡು ಸಲ ಉಪ್ಪು ಹಾಕಿದ್ದಳಂತೆ. ಹೇಳಿದರೆ ನೊಂದುಕೊಳ್ಳುತ್ತಾಳೆಂದು ಇವನು ಮೂರು ಸಲ ಹಾಕಿಸಿಕೊಂಡು ಉಂಡನಂತೆ. "ಆ ಉಪ್ಪುಪ್ಪು ಸಾರೇ ಬೇಕು ಕಣೋ ಘೌಸು" ಎಂದು ನಗುತ್ತಿದ್ದ.

ಲಕ್ಕಮ್ಮ ಕಣ್ಣೊರೆಸಿಕೊಂಡು ಎದ್ದಳು. ಎಲ್ಲರಿಗೂ ಇಡುವಂತೆ ವಡೆ, ಪಾಯಸ, ಕಾಳಿನ ಸಾರು ಮಾಡಿದಳು. ಎಡೆಯ ಅಡುಗೆಯ ರುಚಿ ನೋಡುವಂತಿಲ್ಲ. ಅದಕ್ಕೇ, ಎಲ್ಲಿ ಹೆಚ್ಚಾಗಿಬಿಡುತ್ತದೋ ಎಂದು, ಸಾರಿಗೆ ಉಪ್ಪನ್ನು ಬೆರಳ ತುದಿಯಲ್ಲಿ ಅಳೆದು ಅಳೆದು ಹಾಕಿದಳು.