ರೇಖಾ ಅಕ್ಕೋರ ಮೂರು ಸೀರೆ

2003ರ ಚೌತಿ ಹಬ್ಬ ಕಳೆದು ಎರಡು ವಾರವಾಗಿತ್ತು. ಕುಮಟಾದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ರೇಖಾ ಕನ್ನಡಕ ರಿಪೇರಿಗೆಂದು ಹೊನ್ನಾವರಕ್ಕೆ ಹೋದವಳು, ಮೂರು ಪಾಲಿಸ್ಟರ್ ಸೀರೆ ಹಿಡಿದು ಬಸ್ಸು ಹತ್ತಿದಳು. ಎರಡು ಕೊಂಡರೆ ಒಂದು ಉಚಿತ ಎಂದು ಅಂಗಡಿಯವರು ಬೋರ್ಡು ಹಾಕಿದ್ದರು.

ಜೂನ್‌ನಲ್ಲಿ ಶಾಲೆಯ ಪರಿಸರ ಸಂಘದಲ್ಲಿ ಅವಳೇ ಹೇಳಿದ್ದಳು: ಬಟ್ಟೆಗೆ ಬಣ್ಣ ಹಾಕಿದ ನೀರು ಯಾವುದೋ ಊರಿನ ಹೊಳೆ ಸೇರುತ್ತದೆ, ಈ ವರ್ಷ ಬೇಡದ ಬಟ್ಟೆ ಕೊಳ್ಳುವುದು ಬೇಡ, ಇದ್ದದ್ದನ್ನೇ ಹೊಲಿದು ಹಾಕಿಕೊಳ್ಳೋಣ. ಮಕ್ಕಳೆಲ್ಲ ಕೈಯೆತ್ತಿದ್ದರು. ಅವಳೂ ಎತ್ತಿದ್ದಳು. ಅದು ನಾಟಕವಾಗಿರಲಿಲ್ಲ.

ಪಕ್ಕದ ಸೀಟಿಗೆ ಬಂದು ಕೂತವಳು ಅಘನಾಶಿನಿ ಊರಿನ ಮಾದೇವಿ. ಅವಳ ಮಗಳು ಸಂಗೀತಾ ರೇಖಾಳ ಶಾಲೆಯಲ್ಲೇ ಎಂಟನೆಯ ತರಗತಿಯಲ್ಲಿದ್ದಳು.

“ನೀವು ನಮ್ಮ ಹುಡುಗಿಗೆ ಎಂತ ಹೇಳಿದ್ರಿ ಅಕ್ಕೋರೇ? ಚೌತಿಗೆ ಲಂಗ ತೆಗೆದುಕೊಡ್ತೆ ಅಂದ್ರೆ ಬೇಡವೇ ಬೇಡ ಅಂದ್ಳು. ಗಿಡ್ಡ ಆದ ಲಂಗಕ್ಕೇ ನನ್ನ ಹಳೇ ಸೀರೆ ಅಂಚು ಕೂಡಿಸ್ಕಂಡು ಹಾಕಿದ್ಳು. ಕೇರಿ ಹುಡುಗೀರೆಲ್ಲ ನಗಾಡಿದ್ರು.”

ರೇಖಾ ಚೀಲವನ್ನು ಕಾಲಿನಿಂದ ಸೀಟಿನಡಿ ತಳ್ಳಿದಳು. ಮಾದೇವಿ ನೋಡಿಬಿಟ್ಟಳು.

“ಸೀರೆಯಾ?”

“ಹೌದು... ಅಮ್ಮನಿಗೆ.”

“ಛಲೋ ಆತು. ವಯಸ್ಸಾದವರಿಗೆ ಕೊಡಿಸ್ಬೇಕು.”

ರೇಖಾಳ ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಕುಮಟಾ ಬರುವವರೆಗೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು.

ಮನೆಯಲ್ಲಿ ನಡೆದದ್ದನ್ನು ಕೇಳಿ ಗಂಡ ನಿತ್ಯಾನಂದ ನಕ್ಕುಬಿಟ್ಟ. “ಊರೆಲ್ಲ ತಗೊಳ್ತದೆ. ನೀನೊಬ್ಬಳು ಬಿಟ್ಟರೆ ಎಂತ ಆಗ್ತದೆ?”

“ನಾನು ಬಿಡಲೇ ಇಲ್ಲವಲ್ಲ. ಬಿಟ್ಟವಳು ಆ ಹುಡುಗಿ.”

ಕಪಾಟಿನಲ್ಲಿ ಮಡಿಕೆ ಬಿಚ್ಚದ ಸೀರೆಗಳು ಇನ್ನೂ ಐದಿದ್ದವು. ಹೊಸ ಮೂರನ್ನು ವಾಪಸು ಕೊಡೋಣವೆಂದರೆ ರಿಯಾಯಿತಿಯ ಮಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ರಸೀದಿಯಲ್ಲೇ ಇತ್ತು.

ಸೋಮವಾರ ಎಂಟನೆಯ ತರಗತಿಯಲ್ಲಿ ಅವಳು ಪುಸ್ತಕ ತೆರೆಯಲಿಲ್ಲ.

“ಬೇಡದ ಬಟ್ಟೆ ಕೊಳ್ಳಬೇಡಿ ಅಂತ ನಿಮಗೆ ಹೇಳಿದೆ. ಮೊನ್ನೆ ನಾನೇ ಮೂರು ಸೀರೆ ಕೊಂಡೆ. ಯಾವುದೂ ಬೇಕಿರಲಿಲ್ಲ. ಸಂಗೀತಾ, ನಿನ್ನ ಅಮ್ಮ ಕೇಳಿದಾಗ ಸುಳ್ಳೂ ಹೇಳಿದೆ. ಇವತ್ತು ಸಂಜೆ ನಿಮ್ಮ ಮನೆಗೆ ಬಂದು ಅವರಿಗೂ ಹೇಳ್ತೇನೆ.”

ಸಂಗೀತಾ ಎದ್ದು ನಿಂತಳು.

“ಹಂಗಾರೆ ನಾನು ಲಂಗ ತಗಂಡಿದ್ರೆ ತಪ್ಪಾಗ್ತಿತ್ತಾ ಅಕ್ಕೋರೇ?”

“ಇಲ್ಲ ಮಗಾ. ನಿನ್ನದು ಗಿಡ್ಡ ಆಗಿತ್ತು, ನಿನಗೆ ಬೇಕಿತ್ತು. ಅದನ್ನ ನಾನು ಆವತ್ತೇ ಬಿಡಿಸಿ ಹೇಳಬೇಕಿತ್ತು.”



“ನಂಗೆ ಹಸಿರು ಬಣ್ಣದ್ದು ಬೇಕಿತ್ತು,” ಎಂದು ಹುಡುಗಿ ಮೆಲ್ಲಗೆ ಹೇಳಿ ಕೂತಳು.