ಕೋಲು ಹೋದ ಮೇಲೆ

ಗುಡ್ಡ ಕುಸಿದ ಮೇಲೆ ಹೆದ್ದಾರಿಯಲ್ಲಿ ಉಳಿದದ್ದು ಒಂದು ಗಾಡಿ ಹೋಗುವಷ್ಟು ದಾರಿ. ಈ ತುದಿಯಲ್ಲಿ ಬಾವುಟ ಹಿಡಿದು ನಾನು, ಆ ತುದಿಯಲ್ಲಿ ಮೀಸೆಯಣ್ಣ. ನಡುವೆ ಒಂದೂವರೆ ಕಿಲೋಮೀಟರ್, ಎರಡು ತಿರುವು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅದಕ್ಕೇ ಕೋಲು. ಇಪ್ಪತ್ತು ಗಾಡಿ ಬಿಟ್ಟು, ಕೊನೆಯ ಗಾಡಿಯ ಡ್ರೈವರ್ ಕೈಗೆ ಕೆಂಪು ಬಣ್ಣ ಬಳಿದ ಮೊಳದುದ್ದದ ಕೋಲು ಕೊಡುತ್ತೇನೆ. ಮೀಸೆಯಣ್ಣ ಅದನ್ನು ಈಸಿಕೊಂಡನೆಂದರೆ ದಾರಿ ಖಾಲಿ. ಆಮೇಲೆ ಅವನು ತನ್ನ ಕಡೆಯ ಗಾಡಿಗಳನ್ನು ಬಿಡಬಹುದು, ಇಲ್ಲವೇ ಮೇಲೆ ಯಂತ್ರದಲ್ಲಿ ಕೂತವನು ಸಡಿಲ ಬಂಡೆಗಳನ್ನು ಕೆಳಗೆ ನೂಕಬಹುದು. ಕೋಲು ಹೋದ ಮೇಲೆ ಕಾಗೆಯೂ ಹೋಗಕೂಡದು. ಇದು ನಮ್ಮ ಕೆಲಸದ ಗಾದೆ.

ಆ ದಿನ ಬೆಳಿಗ್ಗೆ ಎಂಟೂವರೆಗೆ ಮೇಲ್ವಿಚಾರಕನ ಫೋನು ಬಂತು. ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು ಕಂಡಿದೆ, ಕೋಲು ಕಳಿಸಿ ದಾರಿ ಮುಚ್ಚು, ಉಳಿದವರನ್ನೆಲ್ಲ ಕೆರೆ ಏರಿಯ ಸುತ್ತುದಾರಿಗೆ ತಿರುಗಿಸು ಎಂದ. ಸುತ್ತುದಾರಿ ಎಂದರೆ ಮೂರೂವರೆ ಗಂಟೆ. ಅಲ್ಲಿ ರಸ್ತೆಯಲ್ಲಿ ಗುಂಡಿಯಿಲ್ಲ, ಗುಂಡಿಗಳ ನಡುವೆ ಅಲ್ಲಲ್ಲಿ ರಸ್ತೆಯಿದೆ.

ಕೋಲು ಕಳಿಸಿ ಹಗ್ಗ ಕಟ್ಟುತ್ತಿದ್ದೆ. ಸಾಲಿನಲ್ಲಿ ನಿಂತಿದ್ದ ಬಾಡಿಗೆ ವ್ಯಾನಿನಿಂದ ನನ್ನ ತಂಗಿ ಇಳಿದು ಓಡಿ ಬಂದಳು. ಎದೆಗೆ ಪ್ಲಾಸ್ಟಿಕ್ ಕವರು ಅವುಚಿಕೊಂಡಿದ್ದಳು. ಆ ಕವರಿನೊಳಗೆ ಹನ್ನೊಂದು ವರ್ಷವಿತ್ತು. ಗುಡ್ಡದಾಚೆಯ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ನೆಲ ಒರೆಸಿದವಳನ್ನು ಕಾಯಂ ಮಾಡಲು ಅವತ್ತು ದಾಖಲೆ ನೋಡುವವರಿದ್ದರು.

"ಅಕ್ಕಾ, ಹನ್ನೊಂದರೊಳಗೆ ಹೋಗ್ದಿದ್ರೆ ಹೆಸರು ಹೊಡೆದು ಹಾಕ್ತಾರೆ ಕಣೆ. ವ್ಯಾನ್ ಬೇಡ, ನಾನೊಬ್ಳೇ ನಡ್ಕೊಂಡು ದಾಟ್ತೀನಿ, ಆ ಕಡೆ ಏನಾದ್ರೂ ಸಿಗತ್ತೆ."

ಸಾಲಿನ ಮುಂದಿದ್ದ ಲಾರಿಯವನು ಕಿಟಕಿಯಿಂದ ತಲೆ ಹಾಕಿ, "ಹಗ್ಗ ಅಕ್ಕಂದಾದ್ರೆ ರೋಡು ತಂಗಿಗೆ ಸ್ವಂತ" ಎಂದ. ನಾಲ್ಕು ಜನ ನಕ್ಕರು. ಆ ನಗು ನನಗೆ ಚುಚ್ಚಿತು. ಬಿರುಕಿನ ಭಯವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾನು ದನಿ ಎತ್ತಿದ್ದು ಬಿರುಕಿಗೆ ಹೆದರಿ ಅಲ್ಲ, ಲಾರಿಯವನಿಗೆ ಕೇಳಿಸಲೆಂದು.

"ಕೋಲು ಹೋಯ್ತು. ನೀನಾದ್ರೇನು, ದೇವ್ರಾದ್ರೇನು. ಸುತ್ಕೊಂಡು ಹೋಗು."

ತಂಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕು, "ಆಯ್ತು ಬಿಡು ಮಹಾರಾಣಿ" ಎಂದು ವ್ಯಾನು ಹತ್ತಿದಳು. ವ್ಯಾನು ಹಿಂದೆ ಮುಂದೆ ಹೊರಳಿ ಕೆರೆ ಏರಿಯ ಕಡೆಗೆ ಹೋಯಿತು. ಅದರ ಹಿಂದೆ ಸಾಲೂ ಕರಗಿತು.

ಹತ್ತು ನಿಮಿಷ ಕಳೆದಿರಬೇಕು. ಬಿಳಿ ಕಾರೊಂದು ಬಂದು ಹಗ್ಗಕ್ಕೆ ಮೂಗು ತಾಗಿಸಿ ನಿಂತಿತು. ಬಾವುಟ ಎತ್ತುವ ಮೊದಲೇ ಫೋನು ಬಡಿದುಕೊಂಡಿತು. ದೊಡ್ಡ ಸಾಹೇಬರ ಗಾಡಿ, ಬಿಟ್ಟುಬಿಡು ಎಂದ ಮೇಲ್ವಿಚಾರಕ. ಕೋಲು ಹೋಗಿದೆಯಲ್ಲ ಎಂದೆ. ಕೋಲು ನಿಂದಾ ನಂದಾ ಎಂದು ಕೇಳಿದ. ಹಿಂದಿನ ಸೀಟಿನಲ್ಲಿ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಮನುಷ್ಯ ನೆಟ್ಟಗೆ ಕೂತಿದ್ದ. ಅವನು ನನ್ನ ಕಡೆ ತಿರುಗಲಿಲ್ಲ. ಹಗ್ಗ ಬಿಚ್ಚಿದೆ. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಕಾರು ಪಕ್ಕದಲ್ಲಿ ಹಾಯುವಾಗ ಬಾವುಟ ಹಿಡಿದ ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಮೀಸೆಯಣ್ಣನ ಫೋನು. ಕೋಲು ಕೈಗೆ ಬಂದಿದೆ, ಯಂತ್ರದವನು ಇನ್ನೇನು ಬಂಡೆಗೆ ಕೈ ಹಚ್ಚುವವನಿದ್ದ, ಅಷ್ಟರಲ್ಲಿ ಕೋಲಿನ ಹಿಂದೆ ಒಂದು ಕಾರು ಬಂತಲ್ಲ, ಇದ್ಯಾವುದು ಬಾಲ ಎಂದು ಕೇಳಿದ. ಗೊತ್ತಿಲ್ಲ ಎಂದೆ.

ಗುಡ್ಡ ಬಡವರು ಬಲ್ಲಿದರು ಎಂದು ನೋಡಿ ಕುಸಿಯುವುದಿಲ್ಲ. ಹಾಗೆ ನೋಡುವವರು ಹಗ್ಗ ಹಿಡಿದ ನಾವು.

ತಂಗಿ ಆಸ್ಪತ್ರೆ ಮುಟ್ಟಿದ್ದು ಹನ್ನೆರಡು ದಾಟಿದ ಮೇಲೆ. ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಬಿದ್ದಿತ್ತು. ಅವಳು ಅತ್ತಿದ್ದರೆ, ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನನ್ನನ್ನು ಹೊಗಳತೊಡಗಿದಳು. ನೀರಿನ ನಲ್ಲಿಯ ಹತ್ತಿರ, ವ್ಯಾನಿನಲ್ಲಿ, ಮೆಟ್ಟಿಲ ಕೆಳಗಿನ ದರ್ಜಿಯ ಮುಂದೆ ಅದೇ ಮಾತು: ನಮ್ಮಕ್ಕ ಒಡಹುಟ್ಟಿದವಳು ಅಂತಲೂ ನೋಡಲಿಲ್ಲ, ನಿಯಮ ಅಂದರೆ ನಿಯಮ. ಇಂಥವರು ಹತ್ತು ಜನ ಇದ್ದರೆ ಸಾಕಿತ್ತು ಎಂದ ದರ್ಜಿ, ನನ್ನ ರವಿಕೆಗೆ ಬಿಟ್ಟಿಯಾಗಿ ಗುಂಡಿ ಹಾಕಿಕೊಟ್ಟ. ಅದನ್ನು ತೊಟ್ಟ ದಿನವೆಲ್ಲ ಮೈಮೇಲೆ ಕೆಂಡ ಇಟ್ಟುಕೊಂಡಂತಿತ್ತು.

ನಾಲ್ಕನೆಯ ದಿನ ಸಂಜೆ ತಂಗಿ ನನ್ನ ಕೋಣೆಗೆ ಬಂದಳು. ಸ್ಟೌ ಮೇಲೆ ಚಹಾಕ್ಕಿಟ್ಟು, ಒಂದು ಕಾಗದ ಬಿಡಿಸಿ ಮಂಚದ ಮೇಲೆ ಹಾಕಿದಳು. ಆಸ್ಪತ್ರೆಯ ಸಂಘದವರು ದಾರಿ ಹೇಳಿಕೊಟ್ಟಿದ್ದರಂತೆ: ಆ ಹೊತ್ತಿನಲ್ಲಿ ದಾರಿ ಎಲ್ಲರಿಗೂ ಮುಚ್ಚಿತ್ತೆಂದು ರಸ್ತೆ ಕಚೇರಿ ಬರೆದುಕೊಟ್ಟರೆ ಇನ್ನೊಮ್ಮೆ ಅವಕಾಶ ಕೊಡಲೇಬೇಕಾಗುತ್ತದೆ. ಮೇಲ್ವಿಚಾರಕ ಒಂದು ಮಾತೂ ಆಡದೆ ಬೆರಳಚ್ಚು ಮಾಡಿಕೊಟ್ಟಿದ್ದ. 'ಕೋಲು ಕಳಿಸಿದ ನಂತರ ಯಾವುದೇ ವಾಹನವನ್ನು ಬಿಟ್ಟಿರುವುದಿಲ್ಲ.' ಕೆಳಗೆ ಅವನ ಸಹಿ ಇತ್ತು. ಪಕ್ಕದಲ್ಲಿ ನನ್ನ ಜಾಗ ಖಾಲಿ ಇತ್ತು.

"ನಾಳೆ ಆ ದಾಖಲೆ ನೋಡೋ ಸಾಹೇಬ್ರ ಕೈಗೇ ಕೊಡ್ತೀನಿ," ಎಂದಳು ತಂಗಿ. "ಅವತ್ತು ಸರಿಯಾಗಿ ಹನ್ನೊಂದಕ್ಕೆ ಗೀಟು ಹೊಡೆದ್ರಂತೆ. ಮೊನ್ನೆ ಕಾಲು ಹಿಡಿದ್ರೂ ಬಗ್ಗಿ ನೋಡ್ಲಿಲ್ಲ. ಪಾಪ, ಬಗ್ಗೋಕಾದ್ರೂ ಹೇಗಾಗತ್ತೆ, ಕುತ್ತಿಗೆಗೆ ಪಟ್ಟಿ."

ಪೆನ್ನು ನನ್ನ ಕೈಯಲ್ಲಿತ್ತು. ಸಹಿ ಹಾಕಿದರೆ ಎಲ್ಲರೂ ಬಚಾವು. ಆ ಸಾಹೇಬ ಬಾಯಿ ಬಿಡುವುದಿಲ್ಲ, ಮೇಲ್ವಿಚಾರಕ ಬಿಡುವುದಿಲ್ಲ. ತಂಗಿಗೆ ಕೆಲಸ ಸಿಕ್ಕರೂ ಸಿಗಬಹುದು. ಅವಳು ಸಾಯುವತನಕ ನನ್ನನ್ನು ಹೊಗಳುತ್ತಲೇ ಇರುತ್ತಾಳೆ.

"ಆ ಪಟ್ಟಿ ಸಾಹೇಬ ನಮ್ಮ ದಾರಿಯಲ್ಲೇ ಹೋದ," ಎಂದೆ. "ನೀನು ತಿರುಗಿ ಹೋದ್ಮೇಲೆ. ನಾನೇ ಬಿಟ್ಟೆ."

ಉಳಿದದ್ದನ್ನೂ ಹೇಳಿದೆ. ಫೋನು ಬಂದದ್ದು, ಮೀಸೆಯಣ್ಣನಿಗೆ ಸುಳ್ಳು ಹೇಳಿದ್ದು. ಈ ಕಾಗದಕ್ಕೆ ಸಹಿ ಬೇಕೆಂದರೆ ಹಾಕುತ್ತೇನೆ, ನಿಜ ಬೇಕೆಂದರೆ ಬರೆಯುತ್ತೇನೆ, ಬರೆದರೆ ನನ್ನ ಕೆಲಸ ಹೋಗುತ್ತದೆ, ನಿನ್ನದು ಬರುತ್ತದೋ ಇಲ್ಲವೋ ನಾನರಿಯೆ, ನೀನು ಹೇಳಿದ ಹಾಗೆ ಎಂದೆ. ಹಾಗೆ ಹೇಳುವಾಗಲೇ ಗೊತ್ತಾಯಿತು, ಈ ಭಾರವನ್ನೂ ಅವಳ ತಲೆಗೇ ಹೊರಿಸುತ್ತಿದ್ದೇನೆ ಎಂದು.

ಚಹಾ ಉಕ್ಕಿ ಸ್ಟೌ ಆರಿತು. ಅವಳು ಎದ್ದು ಬಟ್ಟೆ ತಂದು ಒರೆಸಿದಳು. ಹನ್ನೊಂದು ವರ್ಷ ಒರೆಸಿದ ಕೈ; ಒಂದು ಕಲೆಯೂ ಉಳಿಯಲಿಲ್ಲ. ಬೆನ್ನು ಹಾಕಿಕೊಂಡೇ ಕೇಳಿದಳು.

"ಸಲಾಂ ಹೊಡೆದ್ಯಾ?"

ಅದನ್ನು ಮಾತ್ರ ನಾನು ಹೇಳಿರಲಿಲ್ಲ.

"ಹೊಡೆದೆ."

"ಅದನ್ನೂ ಬರಿ."

ಆ ಕಾಗದದ ಹಿಂಬದಿಯಲ್ಲೇ ಬರೆದೆ. ಕಾರಿನ ನಂಬರು, ಹೊತ್ತು, ಯಾರು ಫೋನು ಮಾಡಿದರು, ಯಾರನ್ನು ತಡೆದೆ, ಯಾರನ್ನು ಬಿಟ್ಟೆ, ಕೈ ಎಲ್ಲಿಗೆ ಹೋಯಿತು. ಸಹಿ ಹಾಕಿದೆ. ಅವಳು ಎರಡು ಸಲ ಓದಿ, ಮಡಿಸಿ, ತನ್ನ ಕವರಿನೊಳಗೆ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಳು. ಚಹಾ ಕುಡಿಯದೆ ಹೋದಳು.

ಮರುದಿನ ಬೆಳಿಗ್ಗೆ ದಾರಿ ತೆರೆದಿತ್ತು. ಅವಳಿದ್ದ ವ್ಯಾನೇ ಆ ಸರದಿಯ ಕೊನೆಯ ಗಾಡಿ. ಡ್ರೈವರ್ ಪಕ್ಕದಲ್ಲಿ ಕೂತಿದ್ದಳು. ನಾನು ಕೋಲು ಚಾಚಿದಾಗ ಅವನು ಗೇರು ಹಾಕುತ್ತಿದ್ದ. ಅವಳೇ ಕೈ ಹೊರಗೆ ಹಾಕಿ ಈಸಿಕೊಂಡಳು. ನನ್ನ ಮುಖ ನೋಡಲಿಲ್ಲ. ವ್ಯಾನು ಹೊರಟಿತು, ನಾನು ಹಗ್ಗ ಕಟ್ಟಿದೆ.